ನೀರು ಸೋಸುವ ಅರಿವೆ

ಚಾತುರ್ಮಾಸ ಬಂತೆಂದರೆ ನಮ್ಮ ಮನೆಗಳಲ್ಲಿ ನೀರು ಸೋಸುವ ಅರಿವೆ ಹೊಸದಾಗುತ್ತದೆ. ಸೊಲ್ಲಾಪುರದ ನಾವು ಕಳೆದ ವರ್ಷ ಕೈಮಗ್ಗದ ದಟ್ಟ ಹತ್ತಿ ಬಟ್ಟೆ ತಂದು, ರೂಢಿಯಂತೆ 36 ಅಂಗುಲ ಉದ್ದ, 24 ಅಂಗುಲ ಅಗಲ ಕತ್ತರಿಸಿದೆವು. ಮೊದಲ ಒಗೆತಕ್ಕೇ ಕುಗ್ಗಿತು. ಎರಡು ಪದರ ಮಾಡಿದರೆ ಕೊಡದ ಬಾಯಿಗೆ ಸಾಲಲಿಲ್ಲ. ಹೊಲಿಯದೆ ಬಿಟ್ಟ ತುದಿಯ ಎಳೆಗಳು ಬಿಚ್ಚಿ ಕುಡಿಯುವ ನೀರಿಗೇ ಬಿದ್ದವು. ಜೀವದಯೆಗೆಂದು ತಂದ ಅರಿವೆ ಮೂಲೆ ಸೇರಿತು.

ತಪ್ಪು ನಮ್ಮ ಅವಸರದ್ದು. ಮಗ್ಗದ ಮೇಲೆ ಹಾಸಿನ ಎಳೆಗಳು ಬಿಗಿಯಾಗಿರುತ್ತವೆ, ಗಂಜಿಯೂ ಹತ್ತಿರುತ್ತದೆ. ಆದ್ದರಿಂದ ಬಟ್ಟೆಯನ್ನು ಮೊದಲು ಸೋಸಿ ಕಾಯಿಸಿದ ನೀರಿನಲ್ಲಿ ಅರ್ಧ ತಾಸು ನೆನೆಸಿ, ಗಂಜಿ ಹೋಗುವಂತೆ ಎರಡು ಮೂರು ಸಲ ತೊಳೆದು ಒಣಗಿಸಬೇಕು. ಎಳೆಗಳು ಹತ್ತಿರ ಬಂದು ನೇಯ್ಗೆ ಒತ್ತಾಗುತ್ತದೆ. ಅಳತೆ, ಕತ್ತರಿ ಆಮೇಲೆ. ಅಡ್ಡಕ್ಕೆ ಒಂದು ಎಳೆ ಎಳೆದು ತೆಗೆದು, ಆ ಗೆರೆಯ ಮೇಲೇ ಕತ್ತರಿಸಿದರೆ ನೇರ ಬರುತ್ತದೆ. ಕತ್ತರಿಸಿದ ತುದಿಯನ್ನು ಎರಡು ಸಲ ಮಡಚಿ ಸಣ್ಣ ಹೊಲಿಗೆ ಹಾಕಿರಿ. ಮಗ್ಗದ ಅಂಚು ಬಿಚ್ಚುವುದಿಲ್ಲ.

ಈ ಸಲ ಸೊಸೆಯಂದಿರೂ ಮಕ್ಕಳೂ ಜೊತೆಗೆ ಕೂತು ಕಲಿತರು. ಸೋಸಿದ ನೀರಿನ ಮರ್ಯಾದೆ 48 ನಿಮಿಷವೆಂದು ಬಲ್ಲ ಮಕ್ಕಳಿಗೆ ಅರಿವೆಯ ಕೆಲಸವೂ ಗೊತ್ತಿರಲಿ. ಸೋಸಿದ ಬಳಿಕ ಅರಿವೆಯನ್ನು ತಿರುವಿ ತೊಳೆದ ನೀರು, ತಂದ ಬಾವಿಗೇ ಮರಳಲಿ.