ಸುಟ್ಟ ವಾಸನೆ ಬಂದರೂ ಮೂಗು ಮುಚ್ಚಿ ಕೂತವರು

ಕಳೆದ ಭಾನುವಾರ ಮಧ್ಯಾಹ್ನ ಚಾರ್ಮಾಡಿ ಘಾಟಿ ಮುಗಿದು ಉಜಿರೆ ರಸ್ತೆ ಸೇರುವ ಕಡೆ ಒಂದು ಹಳೇ ಟೆಂಪೋ ವ್ಯಾನು ನಿಂತಿತ್ತು. ಮುಂದಿನ ಎಡ ಚಕ್ರದಿಂದ ಹೊಗೆ. ಒಳಗೆ ನೋಡಿದರೆ ಸೀಟುಗಳೇ ಇಲ್ಲ! ಎರಡು ಮಂಚ, ಗ್ಯಾಸ್ ಒಲೆ, ಸಿಲಿಂಡರು, ತಲೆ ಮೇಲೆ ನೀರಿನ ಟ್ಯಾಂಕು. ಈಗಿನ ಹೊಸ ಶೋಕಿ ಇದು. ಹಳೇ ವ್ಯಾನು ಕೊಂಡು, ಅದನ್ನೇ ಮನೆ ಮಾಡಿಕೊಂಡು ಊರೂರು ತಿರುಗುವುದು. ತಿರುಗಲಿ, ಸಂತೋಷ. ಆದರೆ ಮನೆಗೆ ಚಕ್ರ ಇದೆ ಅಂದ ಮೇಲೆ ಬ್ರೇಕೂ ಇರಬೇಕಲ್ಲ?

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟ ಕುಟುಂಬ ಅದು. ಅರ್ಧ ದಾರಿಯಲ್ಲೇ ಸುಟ್ಟ ವಾಸನೆ ಬಂದಿದೆ. 'ಯಾವುದೋ ಲಾರಿದು ಇರಬೇಕು' ಅಂತ ಗಾಜು ಏರಿಸಿಕೊಂಡರಂತೆ. ಕೊನೆಯ ತಿರುವಿನಲ್ಲಿ ಪೆಡಲ್ ಒತ್ತಿದರೆ ಸ್ಪಂಜು ಒತ್ತಿದ ಹಾಗೆ ಒಳಗೆ ಹೋಯಿತಂತೆ. ಮುಂದೆ ಸಮತಟ್ಟು ರಸ್ತೆ ಸಿಕ್ಕಿದ್ದರಿಂದ ಬದುಕಿದರು. ಆ ತಿರುವು ಎರಡು ಕಿಲೋಮೀಟರ್ ಹಿಂದೆ ಇದ್ದಿದ್ದರೆ ಈ ಅಂಕಣದ ಜಾಗದಲ್ಲಿ ಬೇರೆ ಸುದ್ದಿ ಬರುತ್ತಿತ್ತು.

ಯಜಮಾನರು ಬಕೆಟ್ ನೀರು ತಂದು ಚಕ್ರಕ್ಕೆ ಸುರಿಯಲು ಹೊರಟಿದ್ದರು. ಅಷ್ಟರಲ್ಲಿ ಬಂದ ಮೆಕ್ಯಾನಿಕ್ ಒಬ್ಬರು ಕೂಗಿದರು: "ನೀರು ಹಾಕ್ಬೇಡಿ ಮಾರಾಯ್ರೆ, ಡ್ರಮ್ಮು ಬಿರುಕು ಬಿಡ್ತದೆ. ತಣಿಯಲಿಕ್ಕೆ ಬಿಡಿ."

"ಹೋದ ತಿಂಗಳು ಹೊಸ ಲೈನಿಂಗ್ ಹಾಕಿಸಿದೀನಿ ಸ್ವಾಮಿ" ಅಂದರು ಯಜಮಾನರು.

"ಲೈನಿಂಗ್ ಹಾಕಿದ್ದೀರಿ, ರೋಗ ಎಲ್ಲಿ ಅಂತ ನೋಡಿದ್ದೀರಾ?"

ಈ ಪ್ರಶ್ನೆ ನನಗೆ ಹಿಡಿಸಿತು. ಅಲ್ಲೇ ನಿಂತು ನೋಡಿದೆ.

ಅವರು ಮೊದಲು ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದರು, ಮುಟ್ಟಲಿಲ್ಲ. ನಾಲ್ಕೂ ಒಂದೇ ಸಮ ಕಾದಿದ್ದರೆ ತಪ್ಪು ಡ್ರೈವರನ ಕಾಲಿನದು, ಇಲ್ಲವೇ ಪೆಡಲಿಗೆ ಪ್ಲೇ ಇಲ್ಲದೆ ಮಾಸ್ಟರ್ ಸಿಲಿಂಡರ್ ಒತ್ತಡ ಬಿಡುತ್ತಿಲ್ಲ. ಒಂದೇ ಚಕ್ರ ಕಾದಿದ್ದರೆ ತಪ್ಪು ಆ ಚಕ್ರದ್ದೇ. ಇಲ್ಲಿ ಎಡ ಮುಂದಿನದು ಕೆಂಡ, ಬೇರೆಯವು ಬರೀ ಬಿಸಿ.

ತಣಿದ ಮೇಲೆ ಜಾಕ್ ಕೊಟ್ಟು ಎತ್ತಿದರು. ಚಕ್ರ ಕೈಯಲ್ಲಿ ತಿರುಗಲಿಲ್ಲ. ಏರ್ ತೆಗೆಯುವ ನಿಪ್ಪಲ್ ಸಡಿಲಿಸಿದರು. ಕಪ್ಪು ಆಯಿಲ್ ಚಿಮ್ಮಿತು, ಚಕ್ರ ತಿರುಗಿತು! ಅಂದರೆ ಶೂ, ಸ್ಪ್ರಿಂಗು, ವೀಲ್ ಸಿಲಿಂಡರು ಸರಿ ಇವೆ. ಒತ್ತಡ ವಾಪಸು ಹೋಗುತ್ತಿಲ್ಲ. ನಿಪ್ಪಲ್ ಬಿಗಿದು ಪೆಡಲ್ ಒತ್ತಿಸಿದರು, ಚಕ್ರ ಮತ್ತೆ ಹಿಡಿಯಿತು. ಈ ಸಲ ರಬ್ಬರ್ ಹೋಸ್ ಪೈಪಿನ ಮೇಲ್ತುದಿ ಸಡಿಲಿಸಿದರು. ಚಕ್ರ ಬಿಡಲಿಲ್ಲ. ಕಳ್ಳ ಸಿಕ್ಕಿಬಿದ್ದ. ಹೊರಗೆ ಚೆನ್ನಾಗಿ ಕಾಣುವ ಹೋಸು ಒಳಗೆ ಊದಿ ಕೂತಿತ್ತು. ಕಾಲಿನ ಬಲಕ್ಕೆ ಆಯಿಲ್ ಒಳಗೆ ನುಗ್ಗುತ್ತದೆ, ಕಾಲು ತೆಗೆದರೆ ವಾಪಸು ಬರುವುದಿಲ್ಲ. ಬ್ರೇಕು ಹಿಡಿದೇ ಇರುತ್ತದೆ. ಹೊಸ ಹೋಸಿಗೆ ಆ ಕುಟುಂಬದ ಬೆಳಗಿನ ತಿಂಡಿಯ ಬಿಲ್ಲಿಗಿಂತ ಹೆಚ್ಚೇನೂ ಆಗಲಿಲ್ಲ.

ಇನ್ನು ಪೆಡಲ್ ಯಾಕೆ ಒಳಗೆ ಹೋಯಿತು? ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ಆಯಿಲ್ ಹೊಸದಿದ್ದಾಗ 205 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ತೇವ ಹೀರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿ. ಆವಿಯನ್ನು ಎಷ್ಟು ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ. ಮಲೆನಾಡಿನ ಮಳೆಯಲ್ಲಿ ವರ್ಷಗಟ್ಟಲೆ ಆಯಿಲ್ ಬದಲಿಸದೆ ಓಡಿಸುವವರು ಇದನ್ನು ನೆನಪಿಡಬೇಕು.

ಶಾಖ ಎಲ್ಲಿಂದ ಬಂತು ಅಂತೀರಾ? 4 ಟನ್ ಗಾಡಿ 100 ಮೀಟರ್ ಎತ್ತರ ಇಳಿಯುವುದನ್ನು ಬರೀ ಬ್ರೇಕಿನಲ್ಲೇ ತಡೆದರೆ, ಹುಟ್ಟುವ ಶಾಖದಲ್ಲಿ ಸುಮಾರು 13 ಲೀಟರ್ ತಣ್ಣೀರನ್ನು ಕುದಿ ಬರಿಸಬಹುದು. ನಮ್ಮ ಘಾಟಿಗಳು ಇಳಿಯುವುದು ನೂರು ಮೀಟರಲ್ಲ, ನೂರಾರು ಮೀಟರು. ಅದಕ್ಕೇ ಹಳೇ ಡ್ರೈವರುಗಳು 'ಹತ್ತುವ ಗೇರಿನಲ್ಲೇ ಇಳಿ' ಅನ್ನುತ್ತಿದ್ದರು. ಇಂಜಿನ್ನೇ ಅರ್ಧ ಭಾರ ಹಿಡಿಯುತ್ತದೆ. ಈಗ ನಾಲ್ಕು ಕಾಸಿನ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಯುವ ಶೂರರಿದ್ದಾರೆ.

ಇದು ಪ್ರವಾಸಿಗಳ ಸಮಸ್ಯೆ, ನಮಗೇನು ಅಂತ ಪುಟ ಮಗುಚಬೇಡಿ. ನಿಮ್ಮ ಅಂಗಡಿಗೆ ಸಾಮಾನು ತರುವ ಲಾರಿ, ನೀವು ದಿನಾ ಜೋತಾಡುವ ಬಸ್ಸು, ಮಕ್ಕಳನ್ನು ತುಂಬಿಕೊಂಡು ಧರ್ಮಸ್ಥಳಕ್ಕೆ ಹೋಗುವ ಟೆಂಪೋ, ಎಲ್ಲವೂ ಇದೇ ಘಾಟಿ ಇಳಿಯುತ್ತವೆ. ದೊಡ್ಡ ಬಸ್ಸಿಗೆ ಏರ್ ಬ್ರೇಕು, ಅಲ್ಲಿ ಆಯಿಲ್ ಕುದಿಯುವ ಮಾತಿಲ್ಲ ನಿಜ. ಆದರೆ ಶೂ ಬಿಡದೆ ಉಜ್ಜುತ್ತಿದ್ದರೆ ಡ್ರಮ್ಮು ಅಲ್ಲೂ ಕಾಯುತ್ತದೆ, ಲೈನಿಂಗ್ ಹಿಡಿತ ಅಲ್ಲೂ ತಪ್ಪುತ್ತದೆ.

8 ವರ್ಷ ದಾಟಿದ ಬಾಡಿಗೆ ವಾಹನಕ್ಕೆ ವರ್ಷಕ್ಕೊಮ್ಮೆ ಎಫ್.ಸಿ. ಆಗಬೇಕು. ಆಗುತ್ತದೆ, ಸರಿ. ಆದರೆ ಮೈದಾನದಲ್ಲಾಗಲಿ, ಮೆಷಿನ್ನಿನ ರೋಲರ್ ಮೇಲಾಗಲಿ, ಕೆಲವೇ ನಿಮಿಷ ತಣ್ಣನೆ ಬ್ರೇಕನ್ನು ನೋಡಿ ಸೀಲು ಒತ್ತಿದರೆ ಒಳಗೆ ಊದಿದ ಹೋಸು ಕಾಣುವುದೇ? ಕಾದ ಮೇಲೆ ಬರುವ ರೋಗವನ್ನು ತಣ್ಣಗಿರುವಾಗ ಹುಡುಕಿದರೆ ಸಿಗುವುದಾದರೂ ಏನು?

ಆದ್ದರಿಂದ ಸಂಬಂಧಪಟ್ಟವರಲ್ಲಿ ಎರಡು ಮಾತು. ಘಾಟಿ ಓಡುವ ಹಳೇ ವಾಹನಗಳನ್ನು ಸ್ವಲ್ಪ ದೂರ ಓಡಿಸಿ, ಚಕ್ರ ಕಾಯುತ್ತದೆಯೇ ನೋಡಿ ಎಫ್.ಸಿ. ಕೊಡಿ. ಕೊಟ್ಟಿಗೆಹಾರದಲ್ಲಿ ಗೇರಿನ ವಿಷಯ ಹೇಳುವ ದೊಡ್ಡ ಕನ್ನಡ ಬೋರ್ಡು ಹಾಕಿ, ನಡು ಘಾಟಿಯಲ್ಲಿ ಚಕ್ರ ತಣಿಸಿಕೊಳ್ಳಲು ಜಾಗ ಮಾಡಿ.

ಪ್ರಯಾಣಿಕರಿಗೆ ಒಂದೇ ಮಾತು. ಸುಟ್ಟ ವಾಸನೆ ಬಂದರೆ ಗಾಜು ಏರಿಸಬೇಡಿ, ಬಾಯಿ ಬಿಡಿ. "ಡ್ರೈವರ್ ಸಾಹೇಬ್ರೆ, ಸ್ವಲ್ಪ ನಿಲ್ಸಿ" ಅನ್ನಿ. ಅವರು ಬೈದರೆ ಬೈಸಿಕೊಳ್ಳಿ. ಅರ್ಧ ಗಂಟೆ ತಡವಾದರೂ ಮನೆ ಸೇರುತ್ತೀರಿ.