ಹುಡಿ ಹೊದ್ದ ಹಣ್ಣು

ಆಟಿ ತಿಂಗಳ ಮಳೆ ಹಿಡಿದರೆ ಸುಲಭದಲ್ಲಿ ಬಿಡುವಂಥದಲ್ಲ. ಕಳೆದ ವಾರ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ಮಳೆಯ ರಜೆ ಸಾರಿದ ದಿನ, ಏಳನೆಯ ತರಗತಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಜಗಲಿಯಲ್ಲಿ ಕುಳಿತು ಗ್ರಂಥಾಲಯದಿಂದ ತಂದ ಇಂಗ್ಲಿಷ್ ಕಥೆಪುಸ್ತಕವೊಂದನ್ನು ಓದುತ್ತಿದ್ದಳು. ಆ ಕಥೆಯಲ್ಲಿ ಮಳೆಯಲ್ಲಿ ತೊಯ್ದು ಮನೆಗೆ ಬಂದ ಹುಡುಗನಿಗೆ ಅವನ ಅಜ್ಜಿ ಬಿಸಿಬಿಸಿ ‘ಆಪಲ್ ಕ್ರಂಬಲ್’ ಬಡಿಸುತ್ತಾಳೆ. ಮೊಮ್ಮಗಳು ಪುಸ್ತಕವನ್ನು ಮಡಚಿ ಅಡುಗೆಮನೆಗೆ ಬಂದು ಕೇಳಿದಳು: “ಅಜ್ಜಿ, ಕ್ರಂಬಲ್ ಎಂದರೆ ಏನು? ಕನ್ನಡದಲ್ಲಿ ಅದಕ್ಕೆ ಏನು ಹೇಳುತ್ತಾರೆ?”

ನಾನು ಬಾಯಿ ತೆರೆಯುವ ಮೊದಲೇ ಅವಳೇ ಉತ್ತರವನ್ನೂ ಹೇಳಿಕೊಂಡಳು: “ಕನ್ನಡದಲ್ಲಿ ಇಂಥದ್ದೆಲ್ಲ ಇರಲಿಕ್ಕಿಲ್ಲ, ಅಲ್ಲವೇ?”

ಆ ಮಾತು ಎಲ್ಲಿಂದ ಬಂತೆಂಬುದನ್ನು ನಾನು ಬಲ್ಲೆ. ಹಿಂದಿನ ರಾತ್ರಿ ಊಟದ ಬಳಿಕ ಮಗನೂ ಸೊಸೆಯೂ ಬರುವ ವರ್ಷದ ಎಂಟನೆಯ ತರಗತಿಯ ವಿಚಾರವನ್ನು ಮಾತನಾಡುತ್ತಿದ್ದರು. ಹೈಸ್ಕೂಲಿಗೆ ಸೇರಿಸುವಾಗ ಇಂಗ್ಲಿಷ್ ಮಾಧ್ಯಮಕ್ಕೆ ಬದಲಾಯಿಸುವುದೋ, ಕನ್ನಡದಲ್ಲಿಯೇ ಮುಂದುವರಿಸುವುದೋ ಎಂಬುದು ಅವರ ಚಿಂತೆ. “ಹೈಯರ್ ಸೆಕೆಂಡರಿಗೆ ಹೋದಾಗ ವಿಜ್ಞಾನವೆಲ್ಲ ಇಂಗ್ಲಿಷಿನಲ್ಲಿ. ಆಗ ಅವಳು ಕಷ್ಟಪಡಬಾರದಲ್ಲ, ಅತ್ತೆ” ಎಂದು ಸೊಸೆ ಹೇಳಿದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಈ ಪತ್ರಿಕೆಯನ್ನು ಓದುವ ಎಷ್ಟೋ ಮನೆಗಳಲ್ಲಿ ಇದೇ ಮಾತು ನಡೆದಿದೆ, ನಡೆಯುತ್ತಲೂ ಇದೆ. ಆದರೆ ಮಗು ಮಲಗಿದೆಯೆಂದು ನಾವು ತಿಳಿದಿದ್ದೆವು; ಮಗು ಮಲಗಿರಲಿಲ್ಲ.

ಆದುದರಿಂದ ನಾನು ವಾದಕ್ಕೆ ಇಳಿಯಲಿಲ್ಲ. “ಮಾಡಿಯೇ ನೋಡೋಣ. ಮಾಡಿದ ಮೇಲೆ ಹೆಸರು ತಾನಾಗಿ ಬರುತ್ತದೆ” ಎಂದೆ. ಮನೆಯಲ್ಲಿ ಸೇಬು ಇರಲಿಲ್ಲ. ಹಿತ್ತಿಲಿನಲ್ಲಿ ಕೊಯ್ದಿಟ್ಟ ಅನಾನಸು ಇತ್ತು, ಕಪ್ಪು ಚುಕ್ಕೆ ಬಿದ್ದ ನೇಂದ್ರ ಬಾಳೆಹಣ್ಣು ಇತ್ತು.

ಕ್ರಂಬಲ್ ಎಂಬುದು ಇಂಗ್ಲೆಂಡಿನ ಮನೆಗಳ ತಿನಿಸು. ಹುಳಿ ಹಣ್ಣನ್ನು ಪಾತ್ರೆಯಲ್ಲಿ ಹರಡಿ, ಅದರ ಮೇಲೆ ಹಿಟ್ಟು, ಬೆಣ್ಣೆ, ಸಕ್ಕರೆಗಳನ್ನು ಉಜ್ಜಿ ಮಾಡಿದ ಹುಡಿಯನ್ನು ಉದುರಿಸಿ, ಒಲೆಪೆಟ್ಟಿಗೆಯಲ್ಲಿ ಬೇಯಿಸುತ್ತಾರೆ. ಮೇಲಿನ ಹುಡಿ ಕೆಂಪಗೆ ಗರಿಯಾಗುತ್ತದೆ, ಕೆಳಗಿನ ಹಣ್ಣು ರಸವಾಗಿ ಕುದಿಯುತ್ತದೆ. ಅಲ್ಲಿನವರು ಇದಕ್ಕೆ ಹೆಚ್ಚಾಗಿ ಬಳಸುವುದು ‘ಬ್ರಾಮ್ಲಿ’ ಎಂಬ ಸೇಬನ್ನು. ಹಸಿಯಾಗಿ ಕಚ್ಚಿದರೆ ಹಲ್ಲು ಚುಳ್ಳೆನ್ನುವಷ್ಟು ಹುಳಿ. ಬೇಯಿಸಿದರೆ ಕರಗಿ ನೊರೆಯಂತಾಗುತ್ತದೆ. ಮೇಲಿನ ಹೊದಿಕೆ ಸಿಹಿಯಾಗಿರುವುದರಿಂದ ಕೆಳಗಿನ ಹಣ್ಣು ಹುಳಿಯಾಗಿರಬೇಕು. ನಮ್ಮ ಅನಾನಸು ಆ ಕೆಲಸಕ್ಕೆ ಸೇಬಿಗಿಂತ ಏನೂ ಕಡಿಮೆಯದಲ್ಲ. ಬೇಸಿಗೆಯಾಗಿದ್ದರೆ ಕಾಟು ಮಾವಿನಹಣ್ಣೂ ಆಗುತ್ತಿತ್ತು.

ಈ ತಿನಿಸಿನ ಚರಿತ್ರೆಯನ್ನು ಮೊಮ್ಮಗಳಿಗೆ ಹೇಳಿದಾಗ ಅವಳ ಕಣ್ಣು ಅರಳಿತು. ಇದು ಅರಮನೆಯ ಭಕ್ಷ್ಯವಲ್ಲ. ಕೊರತೆಯ ಕಾಲದಲ್ಲಿ ಮನೆಮನೆಗೆ ಹಬ್ಬಿದ ತಿನಿಸು ಎಂದೇ ಸಾಮಾನ್ಯವಾಗಿ ಹೇಳುತ್ತಾರೆ. ಎರಡನೆಯ ಮಹಾಯುದ್ಧದ ಸಮಯದಲ್ಲಿ, 1940ರ ಜನವರಿ 8ರಂದು ಬ್ರಿಟನ್ನಿನಲ್ಲಿ ಬೆಣ್ಣೆ, ಸಕ್ಕರೆ ಮೊದಲಾದವುಗಳಿಗೆ ರೇಷನ್ ಬಂತು. ಒಬ್ಬರಿಗೆ ವಾರಕ್ಕೆ ಬಹುತೇಕ 55 ಗ್ರಾಂನಷ್ಟು ಬೆಣ್ಣೆ, 225 ಗ್ರಾಂನಷ್ಟು ಸಕ್ಕರೆ. ಕಾಲಕಾಲಕ್ಕೆ ಅದರಲ್ಲಿಯೂ ಏರಿಳಿತ. ರೇಷನ್ ಪೂರ್ಣವಾಗಿ ಕೊನೆಗೊಂಡದ್ದು 1954ರ ಜುಲೈ 4ರಂದು. ಹಣ್ಣಿನ ಇನ್ನೊಂದು ತಿನಿಸು ‘ಪೈ’. ಅದಕ್ಕೆ ಬೆಣ್ಣೆ ಸೇರಿಸಿದ ಹಿಟ್ಟನ್ನು ನಾದಿ, ಲಟ್ಟಿಸಿ, ಕೆಳಗೂ ಮೇಲೂ ಹೊದಿಸಬೇಕು. ಅಷ್ಟು ಹಿಟ್ಟು, ಅಷ್ಟು ಕೊಬ್ಬು ಎಲ್ಲಿಂದ ತರುವುದು? ಲಟ್ಟಿಸುವ ಬದಲು ಉದುರಿಸಿದರೆ ಸ್ವಲ್ಪದರಲ್ಲಿಯೇ ಪಾತ್ರೆ ತುಂಬುತ್ತದೆ. ತೋಟದ ಹಣ್ಣಿಗೆ ರೇಷನ್ ಇರಲಿಲ್ಲ.

“ಹಾಗಾದರೆ ಅದು ರೇಷನ್ ಕಾರ್ಡಿನವರ ತಿಂಡಿ” ಎಂದಳು ಮೊಮ್ಮಗಳು. ಅಡುಗೆಮನೆಯ ಕಪಾಟಿನಲ್ಲಿ ನಮ್ಮ ಕಾರ್ಡೂ ಇತ್ತು. ಇಂಗ್ಲಿಷ್ ಪುಸ್ತಕದ ಆ ಅಜ್ಜಿಗೂ ನಮಗೂ ನಡುವಿದ್ದ ಸಮುದ್ರ ಆ ಕ್ಷಣದಲ್ಲಿ ಸ್ವಲ್ಪ ಕಿರಿದಾಯಿತು.

ಇನ್ನು ಹುಡಿಯ ಲೆಕ್ಕ. ತೂಕದಲ್ಲಿ ಹಿಟ್ಟು ಎರಡು ಪಾಲು, ಬೆಣ್ಣೆ ಒಂದು ಪಾಲು, ಸಕ್ಕರೆ ಒಂದು ಪಾಲು. ನಾಲ್ಕೈದು ಮಂದಿಗೆ 120 ಗ್ರಾಂ ಹಿಟ್ಟು, 60 ಗ್ರಾಂ ಬೆಣ್ಣೆ, 60 ಗ್ರಾಂ ಸಕ್ಕರೆ ಸಾಕು. ತಕ್ಕಡಿ ಇಲ್ಲದವರು ಒಂದು ಕಪ್ ಹಿಟ್ಟು, ಕಾಲು ಕಪ್ ಬೆಣ್ಣೆ, ಕಾಲು ಕಪ್ಪಿಗೆ ತುಸು ಹೆಚ್ಚು ಸಕ್ಕರೆ ಎಂದು ತಿಳಿಯಬಹುದು. ನಾನು ಅರ್ಧ ಮೈದಾ, ಅರ್ಧ ಗೋಧಿಹಿಟ್ಟು ತೆಗೆದುಕೊಂಡೆ. ಒಂದು ಚಿಟಿಕೆ ಉಪ್ಪು, ಸ್ವಲ್ಪ ಏಲಕ್ಕಿ ಹುಡಿ, ಒಂದು ಹಿಡಿ ಒಣಕೊಬ್ಬರಿಯ ತುರಿ ಸೇರಿಸಿದೆ. ಬೆಣ್ಣೆ ತಣ್ಣಗೆ, ಗಟ್ಟಿಯಾಗಿ ಇರಬೇಕು. ಬೆಣ್ಣೆ ಇಲ್ಲವಾದರೆ ಗಟ್ಟಿ ತುಪ್ಪವೂ ಆದೀತು. ತುಪ್ಪದಲ್ಲಿ ನೀರಿನ ಅಂಶ ಇಲ್ಲದಿರುವುದರಿಂದ 50 ಗ್ರಾಂ ಸಾಕು.

ಬೆಣ್ಣೆಯ ಚೂರುಗಳನ್ನು ಹಿಟ್ಟಿಗೆ ಹಾಕಿ ಬೆರಳ ತುದಿಗಳಿಂದ ಉಜ್ಜಬೇಕು. ಅಂಗೈಯನ್ನು ಬಳಸಬಾರದು, ಅಂಗೈಯ ಬಿಸಿಗೆ ಬೆಣ್ಣೆ ಕರಗಿ ಹಿಟ್ಟು ಮುದ್ದೆಗಟ್ಟುತ್ತದೆ. ಎಲ್ಲಿಯವರೆಗೆ ಉಜ್ಜಬೇಕೆಂದು ಮೊಮ್ಮಗಳು ಕೇಳಿದಳು. “ಪುಟ್ಟಿನ ಹಿಟ್ಟಿನಷ್ಟು” ಎಂದೆ. ಮರುಮಾತು ಬೇಕಾಗಲಿಲ್ಲ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು ಎಂಬುದನ್ನು ಅವಳು ಎಷ್ಟೋ ಬೆಳಗುಗಳಲ್ಲಿ ನೋಡಿದ್ದಾಳೆ. ಇಂಗ್ಲಿಷಿನ ಅಡುಗೆಪುಸ್ತಕದವರು ಇದನ್ನೇ ರೊಟ್ಟಿಯ ಪುಡಿಗೆ ಹೋಲಿಸುತ್ತಾರೆ. ಅವರವರ ಮನೆಯಲ್ಲಿ ಇರುವುದಕ್ಕೆ ತಾನೇ ಅವರವರು ಹೋಲಿಸುವುದು?

ಮೊದಲನೆಯ ಪ್ರಯತ್ನ ಕೆಟ್ಟಿತೆಂದು ಸಂಕೋಚವಿಲ್ಲದೆ ಹೇಳುತ್ತೇನೆ. ನಮ್ಮಲ್ಲಿ ಒಲೆಪೆಟ್ಟಿಗೆ ಇಲ್ಲ. ಹಳೆಯ ದಪ್ಪ ತಳದ ಪಾತ್ರೆಯೊಂದರಲ್ಲಿ ಒಂದು ಅಂಗುಲ ಉಪ್ಪು ಹರಡಿ, ಮೇಲೊಂದು ಬಳೆಯಿಟ್ಟು, ಹತ್ತು ನಿಮಿಷ ಕಾಯಿಸಿ, ಹಣ್ಣೂ ಹಸಿ ಹುಡಿಯೂ ತುಂಬಿದ ಚಿಕ್ಕ ಪಾತ್ರೆಯನ್ನು ಒಳಗಿಟ್ಟು ಮುಚ್ಚಿದೆ. ಮುಕ್ಕಾಲು ಗಂಟೆಯ ಬಳಿಕ ಮುಚ್ಚಳ ತೆರೆದರೆ ಹುಡಿ ಬೆಳ್ಳಗೆ, ಒದ್ದೆಯಾಗಿ, ನಿಜವಾಗಿಯೂ ಪುಟ್ಟಿನಂತೆಯೇ ಕುಳಿತಿತ್ತು. ನನಗೆ ನಗುವೂ ಬಂತು, ಬೇಸರವೂ ಆಯಿತು.

ಮೊಮ್ಮಗಳು ಮುಚ್ಚಳವನ್ನು ತಿರುಗಿಸಿ ನೋಡಿದಳು. ಒಳಮೈಯಲ್ಲಿ ಹನಿಗಳು ಸಾಲುಗಟ್ಟಿದ್ದವು. “ಅಜ್ಜಿ, ಅನಾನಸಿನ ನೀರು ಬಾಷ್ಪೀಕರಣವಾಗಿ ಮೇಲೆ ಹೋಗಿದೆ. ಮುಚ್ಚಳ ತಣ್ಣಗಿದೆ. ಅಲ್ಲಿ ಸಾಂದ್ರೀಕರಣವಾಗಿ ಪುನಃ ಹುಡಿಯ ಮೇಲೆಯೇ ಬಿದ್ದಿದೆ” ಎಂದಳು. ಆಮೇಲೆ ಹೊರಗೆ ಸುರಿಯುತ್ತಿದ್ದ ಮಳೆಯನ್ನು ಕೈಯಿಂದ ತೋರಿಸಿ, “ಅದೂ ಇದೇ ಅಲ್ಲವೇ?” ಎಂದು ಕೇಳಿದಳು.

ನಾನು ಸೌಟು ಹಿಡಿದುಕೊಂಡು ಸುಮ್ಮನೆ ನಿಂತೆ. ಪಾಠದ ಜಲಚಕ್ರವನ್ನು ಅವಳು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದಾಳೆ ಎಂದೇ ನಾನು ತಿಳಿದಿದ್ದೆ. ಅದು ಅವಳಿಗೆ ಅರ್ಥವಾಗಿತ್ತು. ಅರ್ಥವಾದುದರಿಂದಲೇ ಮೋಡದಿಂದ ಮುಚ್ಚಳಕ್ಕೆ ಇಳಿದು ಬಂತು.

ದಾರಿಯನ್ನು ಹುಡುಕಿದವಳೂ ಅವಳೇ. ನೆರೆಮನೆಯ ಅಕ್ಕ ಕಲತ್ತಪ್ಪ ಮಾಡುವ ಹಳೆಯ ಕ್ರಮವನ್ನು ಅವಳಿಗೆ ಒಮ್ಮೆ ಹೇಳಿದ್ದರಂತೆ: ಪಾತ್ರೆಯ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. ಒಲೆಪೆಟ್ಟಿಗೆ ಮಾಡುವುದೂ ಅದನ್ನೇ, ಸುತ್ತಲೂ ಒಣ ಬಿಸಿ. ನಮ್ಮ ಗ್ಯಾಸಿನ ಒಲೆಯಲ್ಲಿ ಮೇಲಿನ ಬಿಸಿ ಇಲ್ಲ. “ಹಾಗಾದರೆ ಹುಡಿಯನ್ನು ಬೇರೆಯಾಗಿ ಹುರಿಯೋಣ, ಉಪ್ಪಿಟ್ಟಿನ ರವೆಯ ಹಾಗೆ” ಎಂದಳು. ಮರುದಿನ ಹಾಗೆಯೇ ಮಾಡಿದೆವು. ಒಲೆಪೆಟ್ಟಿಗೆ ಇಲ್ಲದ ಮನೆಗಳಿಗೆ ಈ ಕ್ರಮವನ್ನು ಧೈರ್ಯವಾಗಿ ಹೇಳುತ್ತೇನೆ.

ಉಜ್ಜಿದ ಹುಡಿಯನ್ನು ಕಾಲು ಗಂಟೆ ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾಗಿಸಿ. ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಉಂಡೆಗಳನ್ನು ಪೂರ್ತಿ ಒಡೆಯದಂತೆ ಮೆಲ್ಲಗೆ ಮಗುಚುತ್ತ, ಹನ್ನೆರಡರಿಂದ ಹದಿನೈದು ನಿಮಿಷ ಹುರಿಯಿರಿ. ಹಸಿ ಹಿಟ್ಟಿನ ವಾಸನೆ ಹೋಗಿ ಹೊಂಬಣ್ಣ ಬರಬೇಕು. ತಟ್ಟೆಗೆ ಹರಡಿ ಆರಿಸಿದರೆ ಗರಿಯಾಗುತ್ತದೆ.

ಇನ್ನೊಂದು ಬಾಣಲೆಯಲ್ಲಿ ಒಂದು ಚಮಚ ತುಪ್ಪಕ್ಕೆ, ಸಣ್ಣಗೆ ಹೆಚ್ಚಿದ ಅರ್ಧ ಕಿಲೋ ಅನಾನಸು, ಮೂರು ಚಮಚ ಬೆಲ್ಲದ ಹುಡಿ, ಚಿಟಿಕೆ ಶುಂಠಿ ಹುಡಿ ಹಾಕಿ ಹತ್ತು ನಿಮಿಷ ಬೇಯಿಸಿ. ಬಳಿಕ ಒಂದು ನೇಂದ್ರ ಬಾಳೆಹಣ್ಣಿನ ತುಂಡುಗಳನ್ನು ಸೇರಿಸಿ. ಮೂರು ನಿಮಿಷ ಬಿಟ್ಟು, ಒಂದು ಸಣ್ಣ ಚಮಚ ಕೂವೆ ಹುಡಿಯನ್ನು ತಣ್ಣೀರಿನಲ್ಲಿ ಕದಡಿ ಹೊಯ್ದು ತಿರುವಿದರೆ ರಸ ಹೊಳೆಯುತ್ತ ದಪ್ಪವಾಗುತ್ತದೆ. ಇದನ್ನು ಅಗಲ ಪಾತ್ರೆಗೆ ಸುರಿದು ಮೇಲೆ ಹುಡಿಯನ್ನು ಹೊದಿಸಿ. ಕಾದ ಉಪ್ಪಿನ ಪಾತ್ರೆಯಲ್ಲಿ, ಮುಚ್ಚಳವನ್ನು ಓರೆಯಾಗಿಟ್ಟು, ಹತ್ತು ನಿಮಿಷ ಇಟ್ಟರೆ ಅಂಚುಗಳಲ್ಲಿ ರಸ ಗುಳುಗುಳು ಎನ್ನುತ್ತದೆ. ಒಲೆಪೆಟ್ಟಿಗೆ ಇರುವವರಿಗೆ ಇಷ್ಟು ಶ್ರಮವಿಲ್ಲ. ಹಸಿ ಹಣ್ಣಿಗೆ ಬೆಲ್ಲವನ್ನೂ ಕೂವೆ ಹುಡಿಯನ್ನೂ ಬೆರೆಸಿ, ಮೇಲೆ ಹಸಿ ಹುಡಿಯನ್ನೇ ಉದುರಿಸಿ, 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ ಬೇಯಿಸಿದರಾಯಿತು. ಹುಡಿಯನ್ನು ಒತ್ತಬಾರದು, ಹಬೆ ಹೊರಗೆ ಹೋಗಲು ದಾರಿ ಬೇಕು.

ಇಳಿಸಿದ ಕೂಡಲೇ ಬಡಿಸಬೇಡಿ. ಹಣ್ಣಿನ ರಸ ಮತ್ತು ಬೆಲ್ಲದ ಪಾಕ ನಾಲಗೆಯನ್ನು ಸುಡುತ್ತವೆ. ಹತ್ತು ನಿಮಿಷ ಬಿಟ್ಟು, ಬೆಚ್ಚಗಿರುವಾಗ ಬಡಿಸಬೇಕು. ಇಂಗ್ಲೆಂಡಿನಲ್ಲಿ ಮೇಲೆ ಕಸ್ಟರ್ಡ್ ಹೊಯ್ಯುತ್ತಾರೆ. ನಾವು ಏಲಕ್ಕಿ ಹಾಕಿದ ದಪ್ಪ ಕಾಯಿಹಾಲನ್ನು ಹೊಯ್ದೆವು. ಮಕ್ಕಳು ಹುಡಿ ಉಜ್ಜಲಿ, ಅಳತೆ ಮಾಡಲಿ. ಕಾದ ಉಪ್ಪಿನ ಪಾತ್ರೆಯನ್ನು ಮಾತ್ರ ಹಿರಿಯರೇ ಮುಟ್ಟಬೇಕು. ಆ ಉಪ್ಪು ಬಹಳ ಹೊತ್ತು ಬಿಸಿಯಾಗಿಯೇ ಇರುತ್ತದೆ.

ಸಂಜೆ ಎಲ್ಲರೂ ಸುತ್ತ ಕುಳಿತು ತಿಂದೆವು. ಮಗ ಎರಡು ಬಾರಿ ಬಡಿಸಿಕೊಂಡ. ಒಂದು ಬಟ್ಟಲು ನೆರೆಮನೆಗೂ ಹೋಯಿತು. ಆ ಮನೆಯ ಮಕ್ಕಳು ಇಂಗ್ಲಿಷ್ ಮಾಧ್ಯಮದವರು. ಹಿಂದೆಲ್ಲ ಅವರೆದುರು ನಮ್ಮವಳು ಮಾತು ಕಡಿಮೆ. ಅಂದು ಹುಡಿಯನ್ನು ಬೇರೆಯಾಗಿ ಹುರಿದದ್ದು ಏಕೆಂದು ಅವರಿಗೆ ವಿವರಿಸಿ, ಕತ್ತಲಾಗುವವರೆಗೆ ಅಲ್ಲಿಯೇ ಕುಳಿತಿದ್ದು ಬಂದಳು.

ರಾತ್ರಿ ತನ್ನ ನೋಟ್‌ಪುಸ್ತಕದಲ್ಲಿ ಎಲ್ಲವನ್ನೂ ಬರೆದಳು. ತಲೆಬರಹ: ‘ಅನಾನಸು ಕ್ರಂಬಲ್ ಅಥವಾ ಹುಡಿ ಹೊದ್ದ ಹಣ್ಣು’. ಎರಡು ಹೆಸರನ್ನೂ ಇಟ್ಟದ್ದು ನನಗೆ ಸರಿಯೆನಿಸಿತು. ಬಿಸ್ಕತ್ತು, ಮೇಜು, ಸಾಬೂನುಗಳನ್ನು ತನ್ನದಾಗಿಸಿಕೊಂಡ ಭಾಷೆಗೆ ಕ್ರಂಬಲ್ ಭಾರವಾಗದು. ಹುಡಿ, ಹೊದಿಕೆ, ಹಣ್ಣುಗಳಂತಹ ಮಾತುಗಳಿರುವ ಭಾಷೆಗೆ ಹೊಸ ಹೆಸರು ಕಟ್ಟುವುದೂ ಕಷ್ಟವಲ್ಲ.

ಆ ಪುಸ್ತಕವನ್ನು ಸೊಸೆ ತೆಗೆದು ಓದಿದಳು. ಮುಚ್ಚಳದ ಹನಿಗಳ ಭಾಗ ಬಂದಾಗ ನಿಲ್ಲಿಸಿ ಎರಡನೆಯ ಬಾರಿ ಓದಿದಳು. ಏನೂ ಹೇಳಲಿಲ್ಲ. ಪೆನ್ಸಿಲು ತೆಗೆದು ‘ಬಾಷ್ಪೀಕರಣ’, ‘ಸಾಂದ್ರೀಕರಣ’ ಎಂಬ ಪದಗಳ ಪಕ್ಕದಲ್ಲಿ ಅವುಗಳ ಇಂಗ್ಲಿಷ್ ಪದಗಳನ್ನು ಸಣ್ಣದಾಗಿ ಬರೆದು, ಪುಸ್ತಕವನ್ನು ಮಗಳ ಚೀಲದಲ್ಲಿಟ್ಟಳು.

ಎಂಟನೆಯ ತರಗತಿಯ ತೀರ್ಮಾನ ಇನ್ನೂ ಆಗಿಲ್ಲ. ಅದು ತಂದೆತಾಯಿಗೆ ಸೇರಿದ್ದು. ಅಜ್ಜಿಯ ಅಂಕಣದಲ್ಲಿ ತೀರುವಂಥದಲ್ಲ. ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ. ಒಂದು ಸಂಗತಿ ಒಂದು ಭಾಷೆಯಲ್ಲಿ ಚೆನ್ನಾಗಿ ಅರ್ಥವಾಗಿದ್ದರೆ, ಅದರ ಪಕ್ಕದಲ್ಲಿ ಇನ್ನೊಂದು ಭಾಷೆಯ ಪದವನ್ನು ಬರೆಯಲು ಒಂದು ಪೆನ್ಸಿಲು ಸಾಕು. ಅರ್ಥವೇ ಆಗದಿದ್ದರೆ ಪದ ಯಾವ ಭಾಷೆಯದಾದರೇನು?

ಮುಂದಿನ ಮಳೆಯ ರಜೆಗೆ ನಿಮ್ಮ ಮನೆಯಲ್ಲಿಯೂ ಮಾಡಿ ನೋಡಿ. ಹುಡಿ ಉಜ್ಜುವ ಕೆಲಸ ಮಕ್ಕಳಿಗಿರಲಿ. ಮೊದಲನೆಯ ಸಲ ಪುಟ್ಟಿನಂತಾದರೆ ಬೇಸರಿಸಬೇಡಿ. ಮುಚ್ಚಳವನ್ನು ತಿರುಗಿಸಿ ಮಕ್ಕಳ ಕೈಗೆ ಕೊಟ್ಟು, ಏಕೆ ಹೀಗಾಯಿತೆಂದು ಕೇಳಿ.