ಅಜ್ಜ, ಇದು ನಿಜವಾ?

ನಮ್ಮ ಕಾಲದಲ್ಲಿ ಸಾಕ್ಷ್ಯಚಿತ್ರ ಅಂದರೆ ಕಡಲೆಕಾಯಿ ಕೊಳ್ಳುವ ಹೊತ್ತು. ಭದ್ರಾವತಿಯ ಟಾಕೀಸಿನಲ್ಲಿ ರಾಜ್‌ಕುಮಾರ್ ಚಿತ್ರ ಶುರುವಾಗುವ ಮೊದಲು ಸರ್ಕಾರದ ಫಿಲ್ಮ್ಸ್ ಡಿವಿಷನ್‌ನವರ ವಾರ್ತಾಚಿತ್ರ ಹಾಕುತ್ತಿದ್ದರು. ಎಲ್ಲೋ ಒಂದು ಅಣೆಕಟ್ಟು, ಎಲ್ಲೋ ಒಂದು ಪ್ರವಾಹ, ಮಂತ್ರಿಗಳು ರಿಬ್ಬನ್ ಕತ್ತರಿಸುವುದು, ಹಿಂದಿನಿಂದ ಒಂದು ಗಂಭೀರ ದನಿ. ಅದನ್ನು ತೋರಿಸಲೇಬೇಕು ಎಂದು ಟಾಕೀಸಿನವರಿಗೆ ನಿಯಮವಿತ್ತು. ನೋಡಲೇಬೇಕು ಎಂದು ನಮಗೆ ಇರಲಿಲ್ಲ! ಅರ್ಧ ಜನ ಹೊರಗೇ ನಿಂತು, ಬೆಲ್ ಹೊಡೆದ ಮೇಲೆ ಕತ್ತಲಲ್ಲಿ ಕಾಲು ತುಳಿಯುತ್ತ ಒಳಗೆ ಬರುತ್ತಿದ್ದರು. ಈ ಅಂಕಣ ಓದುವ ಅಜ್ಜ ಅಜ್ಜಿಯರಿಗೆ ಇದು ನೆನಪಿರಬೇಕು.

ಈಗ ನೋಡಿ, ಅದೇ ಸಾಕ್ಷ್ಯಚಿತ್ರವನ್ನು ಐದನೇ ಕ್ಲಾಸಿನ ನನ್ನ ಮೊಮ್ಮಗಳು ತಾನಾಗಿಯೇ ಹುಡುಕಿ ಹಾಕುತ್ತಾಳೆ. ಈ ರಜೆಯಲ್ಲಿ ನಾವಿಬ್ಬರೂ ಕೂತು ಮೂರನ್ನು ನೋಡಿದೆವು. ಎರಡು ಸಾಕ್ಷ್ಯಚಿತ್ರ, ಒಂದು ಹಳೆಯ ಧಾರಾವಾಹಿ. ಮೂರನ್ನೂ ನೋಡುವಾಗ ಅವಳದು ಒಂದೇ ಪ್ರಶ್ನೆ: ‘ಅಜ್ಜ, ಇದು ನಿಜವಾ?’ ಉತ್ತರ ಸುಲಭ ಅಂದುಕೊಂಡೇ ಶುರುಮಾಡಿದೆ.

(ಚಿತ್ರಗಳಿಗೆ ನಕ್ಷತ್ರ ಕೊಡಿ ಎಂದು ಕೆಲವು ಓದುಗರು ಕೇಳುತ್ತಾರೆ. ಬದುಕಿಡೀ ಬ್ಯಾಂಕಿನಲ್ಲಿ ಅಂಕಿ ಬರೆದವನು ನಾನು. ಸಿನಿಮಾಕ್ಕೂ ಅಂಕಿ ಹಾಕಲು ಮನಸ್ಸಿಲ್ಲ.)

ಮೊದಲನೆಯದು ‘ದಿ ಎಲಿಫೆಂಟ್ ವಿಸ್ಪರರ್ಸ್’. ಕಾರ್ತಿಕಿ ಗೊನ್ಸಾಲ್ವಿಸ್ ಎಂಬ ಹೆಣ್ಣುಮಗಳು ನಿರ್ದೇಶಿಸಿದ್ದು. 2023ರಲ್ಲಿ ಆಸ್ಕರ್ ಬಂತು. ನಮ್ಮ ಬಂಡೀಪುರ ದಾಟಿದರೆ ಸಿಗುವ ಮುದುಮಲೆಯ ತೆಪ್ಪಕಾಡು ಆನೆ ಬಿಡಾರದ ಕಥೆ. ಬೊಮ್ಮನ್, ಬೆಳ್ಳಿ ಎಂಬಿಬ್ಬರು ತಾಯಿಯಿಲ್ಲದ ಆನೆಮರಿ ರಘುವನ್ನು ಸಾಕುತ್ತಾರೆ. ಆಮೇಲೆ ಅಮ್ಮು ಎಂಬ ಹೆಣ್ಣುಮರಿಯೂ ಬರುತ್ತದೆ. ಬೆಳ್ಳಿ ಗಂಡನನ್ನು ಹುಲಿಗೆ ಕಳೆದುಕೊಂಡವರು, ಮಗಳನ್ನೂ ಕಳೆದುಕೊಂಡವರು. ಮರಿಗಳನ್ನು ಸಾಕುತ್ತ ಸಾಕುತ್ತ ಮತ್ತೆ ನಗುವುದನ್ನು ಕಲಿಯುತ್ತಾರೆ. ಅವರಿಬ್ಬರ ಮದುವೆಯೂ ಚಿತ್ರದಲ್ಲೇ ಆಗುತ್ತದೆ. ಮಾತು ತಮಿಳು. ಕೆಳಗೆ ಬರುವ ಇಂಗ್ಲಿಷ್ ಅಕ್ಷರಗಳನ್ನು ಮೊಮ್ಮಗಳು ಓದಿ ಹೇಳಿದಳು. ನನ್ನ ಕನ್ನಡಕದ ಯೋಗ್ಯತೆ ಅವಳಿಗೆ ಗೊತ್ತು.

ರಘು ದೊಡ್ಡವನಾದ ಮೇಲೆ ಅರಣ್ಯ ಇಲಾಖೆ ಅವನನ್ನು ಬೇರೆಯವರ ಕೈಗೆ ಒಪ್ಪಿಸುತ್ತದೆ. ಅಲ್ಲಿಗೆ ನಮ್ಮ ಮನೆಯಲ್ಲಿ ಊಟ ನಿಂತಿತು. ‘ಇದು ನಿಜವಾ? ನಿಜವಾಗ್ಲೂ ಕಳಿಸಿಬಿಟ್ರಾ? ಸುಮ್ನೆ ಸಿನಿಮಾಕ್ಕಲ್ವಾ?’ ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಅವಳ ಅಜ್ಜಿ ಕಣ್ಣಲ್ಲೇ ಹಾಗೆ ಸನ್ನೆ ಮಾಡಿದಳು ಕೂಡ. ನಾನು ‘ನಿಜ ಪುಟ್ಟಿ’ ಅಂದೆ. ತಟ್ಟೆ ಹಾಗೇ ಉಳಿಯಿತು.

ಆ ಭಾನುವಾರ ಅವಳನ್ನು ಸಕ್ರೆಬೈಲಿಗೆ ಕರೆದುಕೊಂಡು ಹೋದೆ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್, ಗಾಜನೂರು ಅಣೆಕಟ್ಟಿನ ಹಿನ್ನೀರಿನ ದಡದಲ್ಲೇ ಬಿಡಾರ. ನಮ್ಮೂರಿನ ಮಕ್ಕಳಿಗೆ ಹೇಳಬೇಕಾಗಿಲ್ಲ; 2023ರ ದಸರೆಗೆಂದು ಅಲ್ಲಿಂದ ಬಂದಿದ್ದ ನೇತ್ರಾವತಿ ಶಿವಮೊಗ್ಗದಲ್ಲೇ ಮರಿ ಹಾಕಿದ್ದು ಎಲ್ಲರಿಗೂ ನೆನಪಿದೆ. ಬೆಳಿಗ್ಗೆ ಹೋದರೆ ಆನೆಗಳ ಸ್ನಾನ ನೋಡಬಹುದು. ತಡವಾದರೆ ಅವು ಕಾಡಿಗೆ ಹೊರಟುಬಿಡುತ್ತವೆ.

ನೀರಿನಲ್ಲಿ ಆನೆ ಮಲಗಿಸಿ ಉಜ್ಜುತ್ತಿದ್ದ ಕಾವಾಡಿಯೊಬ್ಬರನ್ನು ಮಾತಾಡಿಸಿದೆ. ಆ ಚಿತ್ರ ನೋಡಿದ್ದೀರಾ ಅಂತ ಕೇಳಿದರೆ, ‘ಮೊಬೈಲಲ್ಲಿ ನೋಡಿದೀನಿ ಸಾರ್’ ಅಂದರು. ‘ಚೆನ್ನಾಗಿದೆ. ಮರಿ ಇದ್ದಾಗ ಯಾರು ಬೇಕಾದ್ರೂ ಮುದ್ದು ಮಾಡ್ಬೋದು. ಗಂಡು ಬೆಳೆದು ಮದ ಬಂದಾಗ ಬೇರೆ ಲೆಕ್ಕ.’

ಮಕ್ಕಳೇ, ಮದ ಅಂದರೆ ಸಿಟ್ಟಲ್ಲ, ಕಾಯಿಲೆಯೂ ಅಲ್ಲ. ಬೆಳೆದ ಗಂಡಾನೆಗೆ ಆಗಾಗ ಬರುವ ಒಂದು ಅವಸ್ಥೆ. ಕಣ್ಣು ಕಿವಿಗಳ ನಡುವಿನ ಗ್ರಂಥಿಯಿಂದ ಎಣ್ಣೆಯಂಥ ದ್ರವ ಸೋರುತ್ತದೆ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇರಬಹುದು. ಆಗ ಸಾಕಿದವರ ಮಾತನ್ನೂ ಅದು ಕೇಳುತ್ತದೆ ಎಂಬ ಭರವಸೆಯಿಲ್ಲ. ಮರಿ ಸಾಕುವ ಕೈ ಬೇರೆ, ದೊಡ್ಡ ಗಂಡಾನೆಯನ್ನು ನಿಭಾಯಿಸುವ ಕೈ ಬೇರೆ ಎಂದು ಆ ಕಾವಾಡಿ ಹೇಳಿದ್ದರ ಅರ್ಥ ಇದು.

ಮೊಮ್ಮಗಳು ಬಿಡಬೇಕಲ್ಲ. ‘ನಿಮ್ಮ ಆನೇನೂ ಕಳಿಸಿಬಿಡ್ತಾರಾ ಅಂಕಲ್?’

‘ಕಳಿಸಿದ್ರೆ ಹೋಗುತ್ತೆ ಪುಟ್ಟಿ. ಇನ್ನೊಂದು ಬರುತ್ತೆ.’ ಇಷ್ಟು ಹೇಳಿ, ಆ ಮನುಷ್ಯ ಕಿವಿಯ ಹಿಂದೆ ಉಜ್ಜಲು ಆ ಕಡೆ ತಿರುಗಿಕೊಂಡರು. ಸ್ವಲ್ಪ ಹೊತ್ತು ಈ ಕಡೆ ತಿರುಗಲಿಲ್ಲ. ಆಮೇಲೆ ನನಗೆ ಹೇಳಿದರು: ‘ರಾತ್ರಿ ಕಾಡಿಗೆ ಬಿಡ್ತೀವಿ ಸಾರ್. ಬೆಳಿಗ್ಗೆ ಹುಡುಕ್ಕೊಂಡು ಹೋಗ್ಬೇಕು. ಮಳೆಗಾಲದಲ್ಲಿ ಜಿಗಣೆ ಕಾಲು ಬಿಡಲ್ಲ. ಅದನ್ನ ಯಾರೂ ತೆಗ್ಯಲ್ಲ.’ ತೆಗೆಯುವುದು ಅಂದದ್ದು ಜಿಗಣೆಯನ್ನಲ್ಲ, ಕ್ಯಾಮೆರಾದಲ್ಲಿ ಎಂದು ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು.

ಮನೆಗೆ ಬಂದು ಒಂದು ಲೆಕ್ಕ ಹಾಕಿದೆವು. ಐದು ವರ್ಷ ಓಡಾಡಿ ಸುಮಾರು 450 ಗಂಟೆ ಚಿತ್ರೀಕರಿಸಿದ್ದಾಗಿ ನಿರ್ದೇಶಕಿ ಹೇಳಿದ್ದಾರೆ. ಅಂದರೆ 27,000 ನಿಮಿಷ. ನಾವು ನೋಡಿದ್ದು ಸುಮಾರು 40 ನಿಮಿಷ. ಭಾಗಿಸಿದರೆ 675. ಹನ್ನೊಂದೂಕಾಲು ಗಂಟೆ ತೆಗೆದದ್ದರಲ್ಲಿ ಒಂದು ನಿಮಿಷ ನಮಗೆ ಕೊಟ್ಟಿದ್ದಾರೆ. ‘ಉಳಿದಿದ್ದು ಎಲ್ಲಿ ಹೋಯ್ತು?’ ಎಂದು ಮೊಮ್ಮಗಳು. ಸರಿಯಾದ ಪ್ರಶ್ನೆ. ತೋರಿಸಿದ ಒಂದು ನಿಮಿಷ ನಿಜವೇ. ಆದರೆ ಆ ನಿಮಿಷವನ್ನು ಯಾರೋ ಕೂತು ಆರಿಸಿದ್ದಾರೆ.

ಹಾಗಾದರೆ ಇದರಲ್ಲಿ ಏನು ಬಿಟ್ಟುಹೋಗಿದೆ? ನನ್ನ ಅಭಿಪ್ರಾಯ ಹೇಳುತ್ತೇನೆ. ರಘುವಿನ ತಾಯಿ ಮೇವು ಹುಡುಕಿ ಊರ ಕಡೆ ಬಂದು ವಿದ್ಯುತ್ ತಗುಲಿ ಸತ್ತಳು ಎಂದು ಚಿತ್ರ ಹೇಳುತ್ತದೆ. ಹೇಳಿ ಮುಂದೆ ಹೋಗುತ್ತದೆ. ಆನೆ ಊರಿಗೆ ಬಂದರೆ ಅಲ್ಲಿ ಯಾರದೋ ಗದ್ದೆ, ಯಾರದೋ ಬಾಳೆತೋಟ ಇರುತ್ತದಲ್ಲ? ನಮ್ಮ ಜಿಲ್ಲೆಯ ಕಾಡಂಚಿನ ರೈತರನ್ನು ಕೇಳಿ. ಒಂದು ವರ್ಷದ ದುಡಿಮೆ ಒಂದು ರಾತ್ರಿಯಲ್ಲಿ ನೆಲಸಮವಾದ ಬೆಳಿಗ್ಗೆ ಅವರ ಮುಖ ಹೇಗಿರುತ್ತದೆ ಎಂದು ನಾನು ಕೌಂಟರಿನ ಈಚೆಯಿಂದ ನೋಡಿದ್ದೇನೆ. ಬೆಳೆಸಾಲದ ಕಂತಿಗೆ ಅವಧಿ ಕೇಳಲು ಬರುತ್ತಿದ್ದರು. ತಂತಿಗೆ ಕರೆಂಟು ಕೊಡುವುದು ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆನೆಯ ಕಣ್ಣೀರು ಕಂಡ ಕ್ಯಾಮೆರಾ ಎರಡು ನಿಮಿಷ ಆ ರೈತನ ಕಡೆಗೂ ತಿರುಗಿದ್ದರೆ ನಾನು ಈ ಚಿತ್ರವನ್ನು ಇನ್ನಷ್ಟು ಮೆಚ್ಚುತ್ತಿದ್ದೆ. ಈಗಲೂ ಮೆಚ್ಚಿದ್ದೇನೆ, ಎರಡು ಸಲ ನೋಡಿದ್ದೇನೆ. ಎರಡನೇ ಸಲ ಮೊಮ್ಮಗಳು ಅಳಲಿಲ್ಲ. ಬೊಮ್ಮನ್ ಕಾಲಿಗೆ ಜಿಗಣೆ ಹತ್ತಿದೆಯಾ ಎಂದು ನೋಡುತ್ತಿದ್ದಳು.

ಎರಡನೆಯದು ‘ವೈಲ್ಡ್ ಕರ್ನಾಟಕ’. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ಅವರದು, ನಮ್ಮ ಅರಣ್ಯ ಇಲಾಖೆಯ ನೆರವಿನಿಂದ ಆದದ್ದು; 2020ರ ಜನವರಿಯಲ್ಲಿ ಥಿಯೇಟರಿಗೇ ಬಂದಿತ್ತು. ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ ಅವರ ದನಿ, ಕನ್ನಡದಲ್ಲಿ ರಿಷಬ್ ಶೆಟ್ಟಿ ಅವರದು. ಚಿಕ್ಕ ಮಕ್ಕಳಿರುವ ಮನೆಯವರು ಕನ್ನಡದ್ದನ್ನೇ ಹಾಕಿ. ಕಣ್ಣಿಗೆ ಹಬ್ಬ, ಅನುಮಾನವಿಲ್ಲ. ನನ್ನ ತಕರಾರು ಸಂಗೀತದ್ದು. ಹುಲಿ ನಡೆದರೆ ವಾದ್ಯ, ಮೋಡ ಬಂದರೆ ವಾದ್ಯ. ಕಾಡಿಗೆ ತನ್ನದೇ ಸದ್ದಿದೆ, ಅದಕ್ಕೂ ಸ್ವಲ್ಪ ಜಾಗ ಬಿಡಬಹುದಿತ್ತು. ಮೊಮ್ಮಗಳಿಗೆ ಸಂಗೀತವೇ ಇಷ್ಟವಾಯಿತಂತೆ. ಇರಲಿ.

ಮೂರನೆಯದರ ಮುಂದೆ ಕೂತಾಗ ನಾನೇ ಮಗುವಾದೆ: ಶಂಕರ್‌ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’. ಆರ್.ಕೆ. ನಾರಾಯಣ್ ಅವರ ಕಥೆಗಳು, ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಅವರ ಗೆರೆಗಳು, ಎಲ್. ವೈದ್ಯನಾಥನ್ ಅವರ ಆ ರಾಗ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. 1980ರ ದಶಕದಲ್ಲಿ ಇದು ದೂರದರ್ಶನದಲ್ಲಿ ಬರುವಾಗ ನಮ್ಮ ಬೀದಿಯಲ್ಲಿ ಟಿ.ವಿ. ಇದ್ದ ಮನೆಗಳೇ ನಾಲ್ಕೈದು. ಮಾತು ಹಿಂದಿ, ಊರು ನಮ್ಮ ಆಗುಂಬೆ! ಪಾತ್ರಗಳನ್ನು ಬಿಟ್ಟು ಹಿಂದಿನ ಜಗಲಿ, ಹೆಂಚು, ತಿರುವು ರಸ್ತೆಗಳನ್ನೇ ನೋಡುತ್ತಿದ್ದೆವು. ‘ಅಗೋ ದೊಡ್ಡಮನೆ’ ಎಂದು ಯಾರಾದರೂ ಕೂಗಿದರೆ ಒಂದು ಸಂಭಾಷಣೆ ಹೋಯಿತು ಅಂತಲೇ ಲೆಕ್ಕ.

ಇಲ್ಲೂ ಅದೇ ಪ್ರಶ್ನೆ ಬಂತು. ‘ಇಲ್ಲ, ಇದು ಕಟ್ಟಿದ ಕಥೆ. ಮಾಲ್ಗುಡಿ ಅಂತ ಊರೇ ಇಲ್ಲ’ ಅಂದೆ. ಅವಳು ಒಪ್ಪಲಿಲ್ಲ. ಸ್ವಾಮಿ ಪರೀಕ್ಷೆಗೆ ಹೆದರುವುದು ನಿಜ, ಅಪ್ಪನಿಗೆ ಹೆದರುವುದು ನಿಜ, ಅಜ್ಜಿಯ ಹತ್ತಿರ ಓಡುವುದು ನಿಜ. ಹಾಗಿದ್ದ ಮೇಲೆ ಊರೊಂದು ಇಲ್ಲದಿದ್ದರೆ ಏನಾಯಿತು ಎಂಬುದು ಅವಳ ವಾದ. ರಘುವಿನ ಸಿನಿಮಾದಲ್ಲಾದರೆ ರೈತನನ್ನು ಬಿಟ್ಟಿದ್ದರು, ಇದರಲ್ಲಿ ಯಾರನ್ನೂ ಬಿಟ್ಟಿಲ್ಲವಂತೆ: ಮೇಷ್ಟ್ರೂ ಇದ್ದಾರೆ, ಪುಂಡ ಹುಡುಗರೂ ಇದ್ದಾರೆ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಈ ಬರಹ ಮುಗಿಸುವ ಹೊತ್ತಿಗೂ ಹೊಳೆದಿಲ್ಲ.

ಅಜ್ಜ ಅಜ್ಜಿಯರಿಗೆ ಒಂದು ಮಾಹಿತಿ. ಧಾರಾವಾಹಿಯಲ್ಲಿ ಮಾಲ್ಗುಡಿ ಸ್ಟೇಷನ್ ಆಗಿ ಕಾಣುವುದು ಹೊಸನಗರ ತಾಲ್ಲೂಕಿನ ಅರಸಾಳು ರೈಲು ನಿಲ್ದಾಣ, ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿದೆ. ಹಳೆಯ ನಿಲ್ದಾಣದ ಕಟ್ಟಡವನ್ನು 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಅದನ್ನು ಸಜ್ಜುಗೊಳಿಸಿದ ಜಾನ್ ದೇವರಾಜ್ ಅವರೇ ಅಂದು ಶಂಕರ್‌ನಾಗ್ ಜೊತೆ ಕಲಾ ನಿರ್ದೇಶಕರಾಗಿದ್ದವರು. ನಾವೂ ಹೋಗಿ ಬಂದೆವು. ಮೊಮ್ಮಗಳು ಎಲ್ಲ ಸುತ್ತಿ ನೋಡಿ, ಅಲ್ಲಿ ಕೂತಿದ್ದ ಹಿರಿಯರೊಬ್ಬರನ್ನು ಗಂಭೀರವಾಗಿ ಕೇಳಿದಳು: ‘ಅಜ್ಜಾರೇ, ಸ್ವಾಮಿ ಮನೆಗೆ ಇಲ್ಲಿಂದ ಹೇಗೆ ಹೋಗೋದು?’

ಅವರು ಒಂದಿಷ್ಟೂ ತಡವರಿಸದೆ, ‘ದೂರ ಆಗುತ್ತಮ್ಮ, ಆಗುಂಬೆಗೆ ಹೋಗ್ಬೇಕು. ಛತ್ರಿ ತಗೊಂಡು ಹೋಗು’ ಅಂದರು.